ಕೈರುಚಿಯ ವ್ಯಾಪಾರ ಬೆಳೆಯುವಾಗ



ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳ ಪೈಕಿ ಒಂದನ್ನು ನಾನು ಮೂರು ಸಲ ಓದಿದೆ. ಬರೆದವರು ಘಟ್ಟದ ಮೇಲಿನ ಒಂದು ಸಣ್ಣ ಊರಿನ ಗೃಹಿಣಿ. "ಹೆಸರು, ಊರು ಯಾವುದನ್ನೂ ಹಾಕಬೇಡಿ ಅಕ್ಕ, ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ" ಎಂದು ಕೇಳಿಕೊಂಡಿದ್ದಾರೆ. ಹಾಗೇ ಆಗಲಿ.

ವಿಷಯ ಇಷ್ಟು. ಆಕೆ ನಾಲ್ಕು ವರ್ಷದಿಂದ ಮನೆಯಲ್ಲೇ ಸಾರಿನ ಪುಡಿ ಮಾಡಿ ಮೂವತ್ತು ಮನೆಗೆ ಕೊಡುತ್ತಿದ್ದಾರೆ. ತಿಂಗಳಿಗೆ ಎಂಟು ಕಿಲೋ. ಮಕ್ಕಳ ಪುಸ್ತಕಕ್ಕೆ, ಹಬ್ಬದ ಸೀರೆಗೆ ಸಾಕಾಗುವಷ್ಟು ಸಿಗುತ್ತದೆ. ಈಗ ನಮ್ಮ ಮಂಗಳೂರಿನ ಒಂದು ಅಂಗಡಿಯವರು ಆ ಪುಡಿಯ ರುಚಿ ನೋಡಿ, "ತಿಂಗಳಿಗೆ 50 ಕಿಲೋ ಕೊಡಿ, ಹಣ 45 ದಿನಕ್ಕೆ" ಎಂದಿದ್ದಾರಂತೆ. ಯಜಮಾನರು, "ಬಳೆ ಅಡವಿಟ್ಟು ದೊಡ್ಡ ಪುಡಿ ಮಾಡುವ ಮಿಷನ್ ತರೋಣ" ಎನ್ನುತ್ತಾರೆ. ಅತ್ತೆ, "ಇದ್ದದ್ದು ಸಾಕು, ಮನೆ ಮಕ್ಕಳನ್ನು ನೋಡಿಕೋ" ಎನ್ನುತ್ತಾರೆ. ಕಾಗದದ ಕೊನೆಯ ಸಾಲಿನಲ್ಲಿ ಆಕೆ ಕೇಳುತ್ತಾರೆ: "ಬೆಳೀಬೇಕು ಅಂತ ಆಸೆ ಪಡೋದು ತಪ್ಪಾ ಅಕ್ಕ?"

ತಪ್ಪಲ್ಲ ತಂಗಿ. ಖಂಡಿತಾ ತಪ್ಪಲ್ಲ. ಆದರೆ ಎಂಟು ಕಿಲೋದ ವ್ಯಾಪಾರವನ್ನು ಆರರಿಂದ ಗುಣಿಸಿದರೆ 50 ಕಿಲೋದ ವ್ಯಾಪಾರ ಆಗುವುದಿಲ್ಲ. ಅದು ಬೇರೆಯೇ ವ್ಯಾಪಾರ. ಇದು ನನಗೆ ಗೊತ್ತಾದದ್ದು ಒಂದು ಮಳೆಗಾಲದಲ್ಲಿ. ಕೈ ಸುಟ್ಟುಕೊಂಡ ಮೇಲೆ. ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇನೆ, ನಾಚಿಕೆಯೇನೂ ಇಲ್ಲ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾವು ಮಣ್ಣಗುಡ್ಡೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಏಪ್ರಿಲ್ ಬಂತೆಂದರೆ ನಾನು, ಅತ್ತೆ ಹಲಸಿನ ಹಪ್ಪಳಕ್ಕೆ ಕೂರುತ್ತಿದ್ದೆವು. ಬೆಳೆದ, ಆದರೆ ಹಣ್ಣಾಗದ ಕಾಯಿಯ ಸೊಳೆ ಬೇಯಿಸಿ, ಉಪ್ಪು ಮೆಣಸು ಹಾಕಿ ರುಬ್ಬಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ ಟೆರೇಸಿನ ಚಾಪೆಯ ಮೇಲೆ ಹರಡುವುದು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಗೆ ಆಗಿ ಉಳಿದದ್ದನ್ನು ಅಕ್ಕಪಕ್ಕದವರಿಗೆ 25ರ ಕಟ್ಟು ಮಾಡಿ ಕೊಡುತ್ತಿದ್ದೆ. ಮುಂಬಯಿಯ ನೆಂಟರು ಊರಿಗೆ ಬಂದರೆ ಹತ್ತು ಕಟ್ಟು ಒಟ್ಟಿಗೆ ಹೋಗುತ್ತಿತ್ತು.

ಒಂದು ವರ್ಷ ಪೇಟೆಯ ಅಂಗಡಿಯೊಬ್ಬರು ಕರೆಸಿ, "ಅಮ್ಮ, 100 ಕಟ್ಟು ಕೊಡಿ ನೋಡುವ" ಎಂದರು. ಕೊಟ್ಟೆ. ಹತ್ತು ದಿನದಲ್ಲಿ ಖರ್ಚಾಯಿತು. "ಇನ್ನೊಂದು 200 ಕಟ್ಟು ಕೊಡಿ" ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಬ್ಬರು ಹೆಂಗಸರನ್ನು ಕೆಲಸಕ್ಕೆ ಕರೆದೆ. ಸಾಲದಲ್ಲಿ ಹಲಸಿನಕಾಯಿ ತರಿಸಿದೆ. ಅಂಗಡಿಯ ಹಣ ಬರುವವರೆಗೆ ಕೂಲಿಗೆ ಬೇಕಲ್ಲ, ಮಗಳ ಶಾಲೆಯ ಫೀಸಿಗೆಂದು ಅಕ್ಕಿ ಡಬ್ಬಿಯಲ್ಲಿಟ್ಟಿದ್ದ ಹಣ ತೆಗೆದೆ. "ಹದಿನೈದು ದಿನದ ಮಾತು, ಇಟ್ಟುಬಿಡ್ತೇನೆ" ಅಂದುಕೊಂಡೆ.

ಅತ್ತೆ ಒಂದೇ ಮಾತು ಹೇಳಿದ್ದರು: "ಪತ್ತನಾಜೆ ಕಳೀತು ಮಾರಾಯ್ತಿ. ಇನ್ನು ಹಪ್ಪಳಕ್ಕೆ ಕೈ ಹಾಕ್ಬೇಡ."

ಘಟ್ಟದ ಮೇಲಿನವರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದಲ್ಲಿ ಬರುತ್ತದೆ. ಯಕ್ಷಗಾನ ಮೇಳದವರು ಅಂದು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಯ ಕಾಲ. ಅತ್ತೆಯ ಮಾತಿಗೆ ನಾನು, "ನಾಲ್ಕು ದಿನ ಬಿಸಿಲು ಸಿಕ್ಕಿದ್ರೆ ಸಾಕು ಅತ್ತೆ" ಎಂದೆ. ಎರಡು ದಿನ ಸಿಕ್ಕಿತು. ಮೂರನೇ ದಿನ ಮೋಡ, ನಾಲ್ಕನೇ ದಿನ ಮಳೆ. ಮುಕ್ಕಾಲು ಒಣಗಿದ ಹಪ್ಪಳವನ್ನು ಒಲೆಯ ಹತ್ತಿರ, ಮಂಚದ ಮೇಲೆ, ಫ್ಯಾನಿನ ಕೆಳಗೆ ಹರಡಿದೆ. ಕೈಗೆ ಒಣಗಿದ ಹಾಗೆ ಕಂಡಿತು, ಕಟ್ಟು ಕಟ್ಟಿ ಕಳಿಸಿದೆ.

ಮೂರು ವಾರಕ್ಕೆ ಅಂಗಡಿಯ ಹುಡುಗ ಆಟೋದಲ್ಲಿ ಎಲ್ಲವನ್ನೂ ವಾಪಸ್ ತಂದು ಜಗಲಿಯಲ್ಲಿ ಇಟ್ಟ. ಬೂಷ್ಟು ಹಿಡಿದಿತ್ತು. ಅದು ಸಾಲದೆಂದು ಒಂದು ಕಟ್ಟು ಉಪ್ಪುಪ್ಪು, ಇನ್ನೊಂದು ಸಪ್ಪೆ. ಕೆಲಸದ ಹೆಂಗಸರು ಅಂದಾಜಿನಲ್ಲಿ ಉಪ್ಪು ಹಾಕಿದ್ದರು. ಅವರ ತಪ್ಪಲ್ಲ. "ನಾನು ಹಾಕುವಷ್ಟೇ ಹಾಕಿ" ಎಂದದ್ದು ನಾನು! ನಾನು ಎಷ್ಟು ಹಾಕುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆರು ಸಾವಿರದ ಚಿಲ್ಲರೆ ಹೋಯಿತು. ಆಗ ಅದು ನಮಗೆ ಎರಡು ತಿಂಗಳ ಮನೆ ಖರ್ಚು. ಜೂನ್‌ನಲ್ಲಿ ಮಗಳ ಫೀಸಿಗೆ ಇವರು ಸಹೋದ್ಯೋಗಿಯ ಹತ್ತಿರ ಕೈಸಾಲ ಮಾಡಿದರು. ನನಗೆ ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಒಂದು ವರ್ಷ ನಾನು ಯಾವುದಕ್ಕೂ ಕೈ ಹಾಕಲಿಲ್ಲ. ಆಮೇಲೆ ಒಂದು ದಿನ ಕೂತು, ಎಲ್ಲಿ ತಪ್ಪಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಹಾಗೆ ಬರೆದದ್ದರಿಂದಲೇ ಇವತ್ತು ನಾಲ್ವರು ಹೆಂಗಸರ ಜೊತೆ ಸಾರಿನ ಪುಡಿ, ಹುಳಿ ಪುಡಿ ಮಾಡಿ ಮಾರುತ್ತಾ ನಿಮಗೆ ಈ ಪುಟ ಬರೆಯುತ್ತಿದ್ದೇನೆ. ಆ ನೋಟ್‌ಬುಕ್ಕನ್ನು ಈಗ ನಿಮ್ಮ ಮುಂದೆ ತೆರೆಯುತ್ತೇನೆ. ನನಗಿಂತ ಬಹಳ ದೊಡ್ಡವರು ಇದೇ ಕಷ್ಟಗಳಿಂದ ಹೇಗೆ ದಾಟಿದರು ಎಂಬುದನ್ನೂ ಜೊತೆಗೆ ಹೇಳುತ್ತೇನೆ.

ಮೊದಲನೆಯದು: ಕೈಯ ಅಂದಾಜು ಕಾಗದಕ್ಕೆ ಬರಲಿ

ನಮ್ಮ ಮೂಲ್ಕಿಯಲ್ಲಿ ಹುಟ್ಟಿದ ರಘುನಂದನ ಕಾಮತರ ಹೆಸರು ನೀವು ಕೇಳಿರಬಹುದು. ತಂದೆ ಹಣ್ಣಿನ ವ್ಯಾಪಾರಿ. ಏಳು ಮಕ್ಕಳಲ್ಲಿ ಇವರು ಕಿರಿಯವರು. ಯಾವ ಹಣ್ಣು ಎಷ್ಟು ಮಾಗಿದೆ ಎಂದು ಆರಿಸುವ ಕೆಲಸ ಬಾಲ್ಯದಲ್ಲೇ ಕೈಗೆ ಹತ್ತಿತು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರ ಫೆಬ್ರವರಿ 14ರಂದು ಜುಹೂವಿನಲ್ಲಿ ತಮ್ಮದೇ ಸಣ್ಣ ಅಂಗಡಿ ಹಾಕಿದರು. ಅದೇ ನ್ಯಾಚುರಲ್ಸ್ ಐಸ್‌ಕ್ರೀಮ್. ಹಾಲು, ಸಕ್ಕರೆ, ನಿಜವಾದ ಹಣ್ಣು, ಇಷ್ಟರಿಂದಲೇ ಐಸ್‌ಕ್ರೀಮ್ ಮಾಡಬೇಕೆಂಬುದು ಅವರ ಹಟ.

ಹತ್ತು ಸೀತಾಫಲದ ಬೀಜವನ್ನು ಕೈಯಲ್ಲಿ ತೆಗೆಯಬಹುದು. ಸಾವಿರ ಸೀತಾಫಲ ಬಂದಾಗ? ಎಳನೀರಿನ ಗಂಜಿ, ಹಲಸಿನ ಸೊಳೆ, ಇವಕ್ಕೆ ಪೇಟೆಯಲ್ಲಿ ಸಿದ್ಧ ಯಂತ್ರ ಇರಲಿಲ್ಲ. ಆಗ ಕಾಮತರು ಅಮ್ಮ ಅಡುಗೆಮನೆಯಲ್ಲಿ ಹೇಗೆ ಮಾಡುತ್ತಿದ್ದರು ಎಂದು ನೆನಪಿಸಿಕೊಂಡು, ಆ ಕೈಯ ಕೆಲಸಕ್ಕೆ ಸರಿಯಾಗಿ ಯಂತ್ರಗಳನ್ನು ಮಾಡಿಸಿಕೊಂಡರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ದೇಶದಲ್ಲಿ ಅವರ ಅಂಗಡಿಗಳು ನೂರನ್ನು ದಾಟಿದ್ದವು.

ಇದರಲ್ಲಿ ನನಗೆ ಕಂಡ ಪಾಠ ಯಂತ್ರದ್ದಲ್ಲ. ಅಮ್ಮನ ಕೈಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಮಗ ಮೊದಲು ಅರ್ಥ ಮಾಡಿಕೊಂಡ ನೋಡಿ, ಅದು. ನಾವು ಹೆಂಗಸರು "ಕಣ್ಣಂದಾಜು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮನೆಗೆ ಅದು ಚಂದ. ವ್ಯಾಪಾರಕ್ಕೆ ಸಾಲದು. ನೀವು ಜ್ವರ ಬಂದು ಮಲಗಿದ ದಿನವೂ ಪುಡಿಗೆ ಅದೇ ರುಚಿ ಬರಬೇಕಲ್ಲ.

ಹಾಗಾಗಿ ತೂಕದ ತಕ್ಕಡಿ ಮೊದಲು, ಮಿಷನ್ ಆಮೇಲೆ. ನನ್ನ ಸಾರಿನ ಪುಡಿಯ ಚೀಟಿ ಹೀಗಿದೆ, ಬೇಕಾದರೆ ಬರೆದುಕೊಳ್ಳಿ. ಕೊತ್ತಂಬರಿ 500 ಗ್ರಾಂ, ಬ್ಯಾಡಗಿ ಮೆಣಸು ತೊಟ್ಟು ತೆಗೆದು 250 ಗ್ರಾಂ, ಜೀರಿಗೆ 100 ಗ್ರಾಂ, ಕಾಳುಮೆಣಸು 25 ಗ್ರಾಂ, ಮೆಂತೆ 25 ಗ್ರಾಂ, ನೆರಳಿನಲ್ಲಿ ಒಣಗಿಸಿದ ಕರಿಬೇವು 20 ಗ್ರಾಂ, ಇಂಗು 5 ಗ್ರಾಂ. ಒಂದೊಂದನ್ನೂ ಬೇರೆ ಬೇರೆ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹುರಿಯುವುದು. ಮೆಂತೆ ಕೆಂಪಾಗಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಪುಡಿಯ ಬಿಸಿಯೂ ಆರಿದ ಮೇಲೆ ಡಬ್ಬಿಗೆ ತುಂಬಬೇಕು. ಇನ್ನೊಂದು ಮಾತು. ಹಾಕಿದಷ್ಟು ತೂಕ ವಾಪಸ್ ಬರುವುದಿಲ್ಲ. ಹುರಿಯುವಾಗ ನೀರಿನ ಅಂಶ ಹೋಗುತ್ತದೆ, ಮಿಷನ್ನಿನಲ್ಲಿ, ಜರಡಿಯಲ್ಲಿ ಸ್ವಲ್ಪ ಉಳಿಯುತ್ತದೆ. ಎಷ್ಟು ಹಾಕಿದಿರಿ, ಎಷ್ಟು ಬಂತು ಎಂದು ಪ್ರತಿ ಸಲವೂ ತೂಗಿ ಬರೆಯಿರಿ. ಆ ವ್ಯತ್ಯಾಸವೂ ನಿಮ್ಮ ಖರ್ಚೇ.

ಎರಡನೆಯದು: ಇಕ್ಕಟ್ಟು ಎಲ್ಲಿದೆ ಎಂದು ಹುಡುಕಿ

ನನ್ನ ಹಪ್ಪಳದ ಇಕ್ಕಟ್ಟು ಇದ್ದದ್ದು ಬಿಸಿಲಿನಲ್ಲಿ. ಕೆಲಸಕ್ಕೆ ಇನ್ನೂ ಹತ್ತು ಜನ ಬಂದಿದ್ದರೂ ಬಿಸಿಲು ಬರುತ್ತಿರಲಿಲ್ಲ.

ಇದೇ ಕಷ್ಟ ಲಿಜ್ಜತ್ ಹಪ್ಪಳದವರಿಗೂ ಬಂದಿತ್ತು ಎಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ ನನಗೆ ಅಳುವೂ ಬಂತು, ನಗುವೂ ಬಂತು. ಮುಂಬಯಿಯ ಗಿರ್‌ಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ಕಟ್ಟಡದ ಮಾಳಿಗೆಯ ಮೇಲೆ ಉದ್ದಿನ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಕಟ್ಟು. ಆ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಅವರೇನು ಮಾಡಿದರು ಗೊತ್ತೇ? ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಉರಿಯುವ ಸ್ಟೌ! ಮಳೆ ಹೊರಗೆ, ಹಪ್ಪಳ ಒಳಗೆ. ಇವತ್ತು ಆ ಸಂಸ್ಥೆಯಲ್ಲಿ ಸುಮಾರು 45,000 ಸೋದರಿಯರಿದ್ದಾರೆ.

ನೋಡಿ, ಮಳೆಯಲ್ಲಿ ನಾನು ಕಟ್ಟು ಕಟ್ಟಿ ಕಳಿಸಿದೆ. ಅವರು ಮೊದಲ ವರ್ಷ ನಿಲ್ಲಿಸಿದರು. ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಒಣಗಿಸುವ ದಾರಿ ಸಿಕ್ಕಿದ ಮೇಲೆಯೇ ಅವರು ಮಳೆಗಾಲಕ್ಕೆ ಕೈ ಹಾಕಿದರು.

ಈಗ ಕಾಗದ ಬರೆದ ತಂಗಿಯ ಮಾತಿಗೆ ಬರುತ್ತೇನೆ. ನಿಮ್ಮ ಯಜಮಾನರು ದೊಡ್ಡ ಮಿಷನ್ ತರೋಣ ಎಂದರಲ್ಲ, ಸ್ವಲ್ಪ ಲೆಕ್ಕ ಮಾಡಿ. 50 ಕಿಲೋ ಪುಡಿಗೆ ಸುಮಾರು 55 ಕಿಲೋ ಸಾಮಾನು ಹುರಿಯಬೇಕು. ಮನೆಯ ಬಾಣಲೆಯಲ್ಲಿ ಒಂದು ಸಲಕ್ಕೆ ಎರಡು ಕಿಲೋ ಎಂದರೂ 28 ಸಲ. ಸಲಕ್ಕೆ ಅರ್ಧ ಗಂಟೆ ಹಿಡಿದರೆ 14 ಗಂಟೆ ಒಲೆಯ ಮುಂದೆ ನಿಂತು ಕೈಯಾಡಿಸಬೇಕು. ಪುಡಿ ಮಾಡುವುದು ಕಷ್ಟವೇ ಅಲ್ಲ, ಊರಿನ ಮಿಲ್ಲಿನಲ್ಲಿ ಒಂದು ಗಂಟೆಯ ಕೆಲಸ. ನಿಮ್ಮ ಇಕ್ಕಟ್ಟು ಹುರಿಯುವುದರಲ್ಲಿ ಉಂಟು, ಅರೆಯುವುದರಲ್ಲಿ ಅಲ್ಲ. ಬಳೆ ಅಡವಿಟ್ಟು ತಂದ ಮಿಷನ್ ಮೂಲೆಯಲ್ಲಿ ಕೂತು, ನೀವು ಅದೇ ಬಾಣಲೆಯ ಮುಂದೆ ನಿಂತಿರುತ್ತೀರಿ! ದಪ್ಪ ತಳದ ದೊಡ್ಡ ಬಾಣಲೆ ಒಂದು, ಕೈಯಾಡಿಸಲು ಇನ್ನೊಂದು ಜೊತೆ ಕೈ, ಸದ್ಯಕ್ಕೆ ಬೇಕಾದದ್ದು ಇಷ್ಟೇ.

ಮೂರನೆಯದು: ಏನು ಬಿಡಬೇಕು ಎಂದೂ ಕೇಳಿಕೊಳ್ಳಿ

ಜುಹೂವಿನ ಆ ಮೊದಲ ಅಂಗಡಿಯಲ್ಲಿ ಕಾಮತರು ಐಸ್‌ಕ್ರೀಮ್ ಒಂದನ್ನೇ ಮಾರಲಿಲ್ಲ. ಬರೀ ಐಸ್‌ಕ್ರೀಮಿಗೆಂದು ಜನ ಬರುವುದಿಲ್ಲವೇನೋ ಎಂದು ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದವರು ತಂಪು ಕೇಳುತ್ತಾರಲ್ಲ! ಆ ಉಪಾಯ ಫಲಿಸಿತು. ಆದರೆ ಐಸ್‌ಕ್ರೀಮಿಗೇ ಜನ ಬರತೊಡಗಿದ ಮೇಲೆ, 1985ರಲ್ಲಿ, ಪಾವ್‌ಭಾಜಿಯನ್ನು ನಿಲ್ಲಿಸಿಬಿಟ್ಟರು. ಗಲ್ಲಾಕ್ಕೆ ಹಣ ತರುತ್ತಿದ್ದ ತಿಂಡಿಯನ್ನು ಕೈಯಾರೆ ಬಿಡುವುದು ಸುಲಭವಲ್ಲ.

ನಾವೇನು ಮಾಡುತ್ತೇವೆ? ಒಬ್ಬರು ಚಕ್ಕುಲಿ ಕೇಳಿದರು, ಹೂಂ ಎನ್ನುತ್ತೇವೆ. ಇನ್ನೊಬ್ಬರು ಮಿಡಿ ಉಪ್ಪಿನಕಾಯಿ ಕೇಳಿದರು, ಅದಕ್ಕೂ ಹೂಂ. ದಾಕ್ಷಿಣ್ಯ! ಕೊನೆಗೆ ಹತ್ತು ಬಗೆ ಇರುತ್ತದೆ, ಯಾವುದೂ ನೆಟ್ಟಗಿರುವುದಿಲ್ಲ. ನಾನು ಈಗ ಎರಡೇ ಪುಡಿ ಮಾಡುತ್ತೇನೆ. ಹಲಸಿನ ಹಪ್ಪಳ ಮನೆಗೆ ಮಾತ್ರ, ಅದೂ ಪತ್ತನಾಜೆಯ ಒಳಗೆ.

ನಾಲ್ಕನೆಯದು: ಅಕ್ಕಿ ಡಬ್ಬಿ ಬೇರೆ, ಗಲ್ಲಾಪೆಟ್ಟಿಗೆ ಬೇರೆ

ಸೋದರಿಯರೇ, ನನ್ನನ್ನು ಹೆಚ್ಚು ನೋಯಿಸಿದ್ದು ಬೂಷ್ಟು ಅಲ್ಲ. ಮಗಳ ಫೀಸಿನ ಹಣ ಮುಟ್ಟಿದ್ದು.

ಕಾಗದದ ತಂಗಿಗಾಗಿ ಒಂದು ಲೆಕ್ಕ ಹಾಕೋಣ. ಸಾಮಾನು, ಗ್ಯಾಸು, ಕವರು ಎಲ್ಲ ಸೇರಿ ಕಿಲೋಗೆ 300 ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳಿ. 50 ಕಿಲೋಗೆ 15,000. ಅದನ್ನು ಕೊಟ್ಟು 30 ದಿನಕ್ಕೆ ಎರಡನೇ ಆರ್ಡರು, ಮತ್ತೆ 15,000. ಮೊದಲ ಹಣ ಬರುವುದು 45ನೇ ದಿನಕ್ಕೆ. ಅಂದರೆ ಒಂದು ರೂಪಾಯಿ ಕೈಗೆ ಬರುವ ಮೊದಲೇ ನಿಮ್ಮ ಕೈಯಿಂದ 30,000 ಹೊರಗೆ ಹೋಗಿರುತ್ತದೆ. ಅಂಗಡಿಯವರು ಹತ್ತು ದಿನ ತಡ ಮಾಡಿದರೆ? ಒಂದು ಮೂಟೆ ವಾಪಸ್ ಬಂದರೆ? ಲಾಭವಿದ್ದ ವ್ಯಾಪಾರವೂ ಉಸಿರು ಕಟ್ಟುವುದು ಹೀಗೆಯೇ. ಪುಸ್ತಕದಲ್ಲಿ ಲಾಭ ಕಾಣುತ್ತದೆ, ಡಬ್ಬಿಯಲ್ಲಿ ಹಣ ಇರುವುದಿಲ್ಲ.

ಹಾಗಾಗಿ ಮೂರು ನಿಯಮ. ವ್ಯಾಪಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ, ನಿಮ್ಮ ಹೆಸರಿನಲ್ಲಿ. ನಿಮ್ಮ ಕೆಲಸಕ್ಕೂ ಕೂಲಿ ಹಾಕಿ ಬೆಲೆ ಕಟ್ಟುವುದು. "ಮನೆಯಲ್ಲೇ ಇದ್ದೇನಲ್ಲ, ನನಗೇನು ಕೂಲಿ" ಎನ್ನಬೇಡಿ. ನಾಳೆ ನಿಮ್ಮ ಬದಲು ಒಬ್ಬರು ಬಂದರೆ ಕೊಡಲೇಬೇಕಲ್ಲ! ಮೂರನೆಯದು, ದಿನದ ಲಾಭದಿಂದ ಎಷ್ಟೇ ಸಣ್ಣದಾದರೂ ಒಂದು ಭಾಗ ಎತ್ತಿಡುವುದು.

ಈ ಮೂರನೆಯದು ನಮ್ಮ ಜಿಲ್ಲೆಗಳ ಹಳೆಯ ಪಾಠ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಬೇಡ ಎನ್ನದೆ ಕಟ್ಟಿಸಿಕೊಂಡು ಹೋಗುತ್ತಿದ್ದರು. 2020ರಲ್ಲಿ ಆ ಬ್ಯಾಂಕು, 1906ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ "ಪಿಗ್ಮಿ ಕಟ್ಟು" ಎಂಬ ಮಾತು ನಮ್ಮ ಬಾಯಲ್ಲಿ ಉಳಿದಿದೆ. ನಾನು ಎರಡನೇ ಸಲ ವ್ಯಾಪಾರ ಶುರು ಮಾಡಿದ್ದು ಒಂದೂವರೆ ವರ್ಷ ಕಟ್ಟಿದ ಪಿಗ್ಮಿ ಹಣದಿಂದ. ಯಾರ ಬಳೆಯೂ ಅಡವಿಗೆ ಹೋಗಲಿಲ್ಲ.

ಐದನೆಯದು: ಜೊತೆಗೆ ದುಡಿಯುವ ಕೈಗಳು

ನನ್ನ ಹಪ್ಪಳ ಹಾಳಾದ ವರ್ಷ ಆ ಇಬ್ಬರು ಹೆಂಗಸರ ಕೂಲಿಯನ್ನು ಎರಡು ತಿಂಗಳು ಎಳೆದೆ. ಇದನ್ನು ಬರೆಯಲು ಈಗಲೂ ಕೈ ಹಿಂದೆ ಹೋಗುತ್ತದೆ. ಅಂಗಡಿಯವರು ನನಗೆ ಕೊಡಲಿಲ್ಲ, ನಾನು ಅವರಿಗೆ ಕೊಡಲಿಲ್ಲ. ಆದರೆ ಲಾಭ ಬಂದಿದ್ದರೆ ಅವರಿಗೆ ಹಂಚುತ್ತಿದ್ದೆನೇ? ಇಲ್ಲವಲ್ಲ. ಹಾಗಿದ್ದ ಮೇಲೆ ನಷ್ಟ ಮಾತ್ರ ಯಾಕೆ ಹಂಚಿದೆ?

ಲಿಜ್ಜತ್ತಿನ ಸೋದರಿಯರು ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿದ ಹಪ್ಪಳ ತಂದು ಒಪ್ಪಿಸಿ, ಲಟ್ಟಿಸಿದ ಕೂಲಿಯನ್ನು ಆಗಲೇ ಪಡೆಯುತ್ತಾರೆ. ಹಿಟ್ಟು ಕಲಸುವುದು ಒಂದೇ ಕಡೆ, ಹಾಗಾಗಿ ಉಪ್ಪು ಹೆಚ್ಚುಕಡಿಮೆ ಆಗುವುದಿಲ್ಲ. ಲಟ್ಟಿಸುವುದು ಅವರವರ ಮನೆಯಲ್ಲಿ, ಹಾಗಾಗಿ ಮಕ್ಕಳನ್ನು ಬಿಟ್ಟು ಬರಬೇಕಾಗಿಲ್ಲ. ಎಲ್ಲರೂ ಒಡತಿಯರೇ, ಲಾಭ ನಷ್ಟ ಎರಡೂ ಎಲ್ಲರದು.

ನಾವು ಅಷ್ಟು ದೊಡ್ಡವರಾಗಬೇಕಾಗಿಲ್ಲ. ಶನಿವಾರ ಸಂಜೆ ಅಂಗಡಿಯ ಹಣ ಬರಲಿ ಬಾರದಿರಲಿ, ನನ್ನ ಜೊತೆಯವರ ಕೂಲಿ ಅವರ ಕೈಗೆ ಹೋಗುತ್ತದೆ. ಅದಕ್ಕೆಂದೇ ಒಂದು ತಿಂಗಳ ಕೂಲಿಯ ಹಣ ಬ್ಯಾಂಕಿನಲ್ಲಿ ಬೇರೆ ಇಟ್ಟಿದ್ದೇನೆ. ಆಗಿನ ಇಬ್ಬರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಇದ್ದಾರೆ. ಮೆಂತೆ ಹುರಿಯುವುದು ಅವರೇ. ನನ್ನನ್ನೂ ಹತ್ತಿರ ಬಿಡುವುದಿಲ್ಲ. "ನೀವು ಲೆಕ್ಕ ನೋಡಿ ಅಮ್ಮ, ಇದು ನಂಗೆ ಗೊತ್ತುಂಟು" ಎನ್ನುತ್ತಾರೆ.

ಆರನೆಯದು: ಎಲ್ಲಿ ನಿಲ್ಲಬೇಕು

ಎಲ್ಲರೂ ಮುಂಬಯಿಗೇ ಹೋಗಬೇಕೆಂದಿಲ್ಲ. 1975ರ ಮೇ 1ರಂದು ಎಸ್. ಪ್ರಭಾಕರ ಕಾಮತರು ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಮ್ ಶುರು ಮಾಡಿದರು. ಎತ್ತರದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಗೇರುಬೀಜ, ಎರಡು ಮೂರು ಬಗೆಯ ಐಸ್‌ಕ್ರೀಮ್ ಪದರ ಪದರವಾಗಿ ತುಂಬಿದ ಗಡ್‌ಬಡ್ ತಿನ್ನದೆ ಮಂಗಳೂರಿಗೆ ಬಂದ ನೆಂಟರು ವಾಪಸ್ ಹೋಗುವುದುಂಟೇ? ಗಡ್‌ಬಡ್ ಮೊದಲು ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಎಂಬ ಜಗಳ ನಮಗೆ ಬೇಡ, ತಿಂದವರೇ ಗೆದ್ದರು! ಲಾಲ್‌ಬಾಗ್‌ನ ಪಬ್ಬಾಸ್ ಕೂಡ ಇದೇ ಮನೆತನದ್ದು. ಪ್ರಭಾಕರ ಕಾಮತರು 2021ರಲ್ಲಿ ತೀರಿಕೊಂಡಾಗ ಊರಿನ ಎಷ್ಟೋ ಮನೆಗಳಲ್ಲಿ ತಮ್ಮ ಮನೆಯ ಹಿರಿಯರು ಹೋದಂತೆ ಮಾತಾಡಿದರು. ಒಂದೇ ಊರಿನಲ್ಲಿ ಬೇರು ಬಿಟ್ಟು ಅದೇ ಊರಿನ ರುಚಿಯಾಗುವುದೂ ಬೆಳವಣಿಗೆಯೇ.

ಎರಡು ವರ್ಷದ ಹಿಂದೆ ನನಗೂ ಹೊರ ಊರಿನಿಂದ ದೊಡ್ಡ ಆರ್ಡರು ಬಂದಿತ್ತು. ನಾವು ಐದು ಮಂದಿ ಕೂತು ಲೆಕ್ಕ ಹಾಕಿದೆವು. ರಾತ್ರಿ ಕೆಲಸ ಮಾಡಬೇಕಾಗುತ್ತದೆ ಎಂದಾಯಿತು. ಬೇಡ ಎಂದೆವು. ಆ ದಿನ ಅತ್ತೆ ಇರಬೇಕಿತ್ತು ಅನಿಸಿತು.

ಈಗ ನನ್ನ ತಂಗಿಗೆ ಉತ್ತರ

ಅಂಗಡಿಯವರಿಗೆ ಇಲ್ಲ ಎನ್ನಬೇಡಿ. 50 ಕಿಲೋಗೆ ಹೂಂ ಎಂದೂ ಹೇಳಬೇಡಿ. "ಮೊದಲ ಮೂರು ತಿಂಗಳು ಹತ್ತು ಹತ್ತು ಕಿಲೋ ಕೊಡ್ತೇನೆ, ಅರ್ಧ ಹಣ ಸಾಮಾನು ಕೊಡುವಾಗಲೇ ಕೊಡಿ" ಎಂದು ಕೇಳಿ. ಒಳ್ಳೆ ಅಂಗಡಿಯವರಾದರೆ ಒಪ್ಪುತ್ತಾರೆ. ಒಪ್ಪದಿದ್ದರೆ, ಅವರ ಜೊತೆ 50 ಕಿಲೋದ ವ್ಯವಹಾರ ಇನ್ನೂ ಕಷ್ಟ ಎಂದು ಈಗಲೇ ತಿಳಿದಂತಾಯಿತಲ್ಲ. ಮೂವತ್ತು ಮನೆಯವರನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ನಾಲ್ಕು ವರ್ಷ ನಿಮ್ಮನ್ನು ನಿಲ್ಲಿಸಿದವರು ಅವರು. ಅಂಗಡಿ ಕೈಕೊಟ್ಟರೆ ಮತ್ತೆ ನಿಲ್ಲಿಸುವವರೂ ಅವರೇ.

ಮನೆಯಲ್ಲೇ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅಂಗಡಿಗೆ ಕೊಡುವ ಮೊದಲು ಅದನ್ನು ಮಾಡಿಸಿಕೊಳ್ಳಿ. ಪ್ರತಿ ಪೊಟ್ಟಣದ ಮೇಲೆ ಮಾಡಿದ ದಿನಾಂಕ ಇರಲಿ. ಪ್ರತಿ ಸಲ ಮಾಡಿದ ಪುಡಿಯಲ್ಲಿ ಒಂದು ಸಣ್ಣ ಪೊಟ್ಟಣವನ್ನು ದಿನಾಂಕ ಬರೆದು ಮನೆಯಲ್ಲೇ ಎತ್ತಿಡಿ. ಯಾರಾದರೂ ದೂರು ಹೇಳಿದರೆ ಅದನ್ನು ಬಿಚ್ಚಿ ನೋಡಬಹುದು.

ಯಜಮಾನರ ಮೇಲೆ ಸಿಟ್ಟಾಗಬೇಡಿ. ಹೆಂಡತಿ ಬೆಳೆಯಲಿ ಎಂದು ಬಯಸುವ ಗಂಡ ಸಿಗುವುದು ಸಣ್ಣ ಮಾತಲ್ಲ. ಬಾಣಲೆಯ ಲೆಕ್ಕ, 45 ದಿನದ ಲೆಕ್ಕ ಎರಡನ್ನೂ ಕಾಗದದಲ್ಲಿ ಬರೆದು ಅವರ ಮುಂದಿಡಿ. ಅತ್ತೆಯವರ ಮೇಲೂ ಸಿಟ್ಟು ಬೇಡ. "ಸಾಕು" ಎನ್ನುವ ಹಿರಿಯರ ಮಾತಿನೊಳಗೆ ಒಮ್ಮೊಮ್ಮೆ ಪತ್ತನಾಜೆಯಂಥ ಬುದ್ಧಿ ಅಡಗಿರುತ್ತದೆ. ಯಾಕೆ ಬೇಡ ಎನ್ನುತ್ತಾರೆ ಎಂದು ಕೂತು ಕೇಳಿ. ಹೆದರಿಕೆಯಾದರೆ ಧೈರ್ಯ ಹೇಳಿ. ಅನುಭವವಾದರೆ ತಲೆಬಾಗಿ.

ಬಳೆ ಮಾತ್ರ ಕೈಯಲ್ಲೇ ಇರಲಿ. ಮೂರು ತಿಂಗಳಾದ ಮೇಲೆ ಏನಾಯಿತೆಂದು ಮರೆಯದೆ ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ ಪೈಕಿ ಇನ್ನಾರಾದರೂ ಹೀಗೆ ಕೈ ಸುಟ್ಟುಕೊಂಡಿದ್ದರೆ ನೀವೂ ಬರೆಯಿರಿ. ಗೆದ್ದ ಕಥೆ ಹೇಳಲು ಎಲ್ಲರೂ ಇದ್ದಾರೆ, ಬೂಷ್ಟು ಹಿಡಿದ ಕಥೆಯಿಂದ ನಾಲ್ಕು ಮನೆ ಉಳಿಯುತ್ತದೆ. ಹೆಸರು ಬೇಡವೆಂದರೆ ಹಾಕುವುದಿಲ್ಲ.

ನಿಮ್ಮ ಪ್ರೀತಿಯ,
ಅಕ್ಕ